ಇಳಿಯುವ ಅರ್ಧ ಗಂಟೆ

ಮುಂದಿನ ಸೀಟಿನ ಬೆನ್ನಿಗಿದ್ದ ಪುಟ್ಟ ಪರದೆಯಲ್ಲಿ ವಿಮಾನದ ಚಿತ್ರ ಫ್ರಾಂಕ್‌ಫರ್ಟ್ ಕಡೆ ತೆವಳುತ್ತಿತ್ತು. ಇನ್ನು 45 ನಿಮಿಷ. ಮಗಳು ನನ್ನ ಎದೆಗೊರಗಿ, ಬಾಯಿ ಅರೆ ತೆರೆದು, ಗಾಢ ನಿದ್ದೆಯಲ್ಲಿದ್ದಳು. ರಾತ್ರಿಯೆಲ್ಲ ರಚ್ಚೆ ಹಿಡಿದು ಬೆಳಗಿನ ಜಾವ ಕಣ್ಣು ಮುಚ್ಚಿದ ಕೂಸು. ನಮ್ಮ ಮನೆಗಳಲ್ಲಿ ಮಲಗಿದ ಮಗುವನ್ನು ಎಬ್ಬಿಸುವುದೆಂದರೆ ಪಾಪ ಮಾಡಿದ ಹಾಗೆ. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸುತ್ತೇವೆ, ಬಾಗಿಲಿಗೆ ಬಂದವರನ್ನು ಕೈಸನ್ನೆಯಲ್ಲೇ ಮಾತಾಡಿಸಿ ಕಳಿಸುತ್ತೇವೆ. ಆದರೂ ಅವಳ ಕೆನ್ನೆ ತಟ್ಟಿದೆ, ಅಂಗಾಲು ಉಜ್ಜಿದೆ. "ಪುಟ್ಟಿ, ಏಳು ಕಂದ, ನೀರು ಕುಡಿಯೋಣ."

ಪಕ್ಕದ ಸೀಟಿನಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದ ಹಿರಿಯರೊಬ್ಬರಿದ್ದರು. "ಪಾಪ, ಈಗಿನ್ನೂ ಮಲಗಿದೆ, ಬಿಡಮ್ಮ" ಅಂದರು. ಬಿಡುವ ಹಾಗಿರಲಿಲ್ಲ. ಆರು ತಿಂಗಳ ಹಿಂದೆ ಹಾಗೇ ಬಿಟ್ಟಿದ್ದೆ.

ಆಗ ಅವಳಿಗೆ 14 ತಿಂಗಳು. ಗಂಡ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿದ್ದರು, ಕ್ರಿಸ್‌ಮಸ್ ರಜೆಗೆ ನಾವಿಬ್ಬರೂ ಹೊರಟೆವು. ಟಿಕೆಟ್ ಅಗ್ಗವೆಂದು ಕೊಲ್ಲಿಯ ಒಂದು ಊರಿನಲ್ಲಿ ಇಳಿದು ಹತ್ತುವ ದಾರಿ ಹಿಡಿದಿದ್ದೆ. ಹೊರಡುವ ನಾಲ್ಕು ದಿನ ಮೊದಲೇ ಮಗುವಿಗೆ ಮೂಗು ಸೋರುತ್ತಿತ್ತು. ಅದಕ್ಕೂ ಮುಂಚೆ ಮೂರು ಸಲ ಕಿವಿ ನೋವು ಬಂದು ವಾಸಿಯಾಗಿತ್ತು. ನೆಗಡಿ ಮಕ್ಕಳಿಗೆ ಇದ್ದದ್ದೇ ಅಂದುಕೊಂಡು ಹೊರಟೆ. ಮೊದಲ ವಿಮಾನ ಇಳಿಯತೊಡಗಿದಾಗ ಅವಳಿಗೆ ಒಳ್ಳೆಯ ನಿದ್ದೆ. ತೊಟ್ಟಿಲಿನಿಂದ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ದೇವರು ದೊಡ್ಡವನು ಅಂದುಕೊಂಡೆ. ನೆಲ ಮುಟ್ಟಲು ಹತ್ತು ನಿಮಿಷವಿದ್ದಾಗ ಎದ್ದಳು. ಹಸಿವಿನ ಅಳು, ನಿದ್ದೆಯ ಅಳು, ಹಟದ ಅಳು ಯಾವುದೆಂದು ತಾಯಿಗೆ ಗೊತ್ತಾಗುತ್ತದೆ. ಇದು ಅವುಗಳಲ್ಲಿ ಯಾವುದೂ ಅಲ್ಲ. ಬೆನ್ನು ಸೆಟೆದು, ಬಲಗಿವಿಗೆ ಕೈ ಒತ್ತಿಕೊಂಡು ಕಿರುಚಿದಳು. ಬಾಟಲಿ ಬಾಯಿಗಿಟ್ಟರೆ ತಳ್ಳಿದಳು. ಯಾರೋ ಬಿಸಿನೀರಲ್ಲಿ ಅದ್ದಿದ ಕಾಗದವನ್ನು ಲೋಟಕ್ಕೆ ಹಾಕಿ ಕಿವಿಗೆ ಒತ್ತಿ ಹಿಡಿಯಿರಿ ಅಂದರು. ಅದನ್ನೂ ಮಾಡಿದೆ. ಒತ್ತಡದ ತೊಂದರೆ ಇರುವುದು ಕಿವಿತಮಟೆಯ ಒಳಬದಿಯಲ್ಲಿ, ಹೊರಗಿನ ಲೋಟದಿಂದ ಅಲ್ಲಿ ಏನೂ ಆಗುವುದಿಲ್ಲ, ಬಿಸಿನೀರು ತೊಟ್ಟಿಕ್ಕಿದರೆ ಮಗುವಿನ ಚರ್ಮ ಮಾತ್ರ ಸುಡುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಮೂರು ಗಂಟೆಯ ನಂತರ ಇನ್ನೊಂದು ವಿಮಾನ, ಇನ್ನೊಂದು ಇಳಿತ, ಮತ್ತೆ ಅದೇ ಕಿರುಚಾಟ.

ಸ್ಟುಟ್‌ಗಾರ್ಟ್ ತಲುಪಿದ ಮೂರನೆಯ ದಿನ ಮೈ ಬಿಸಿಯಾಯಿತು. ಅಂದು ಶನಿವಾರ ಸಂಜೆ. ಜರ್ಮನಿಯಲ್ಲಿ ಮಾಮೂಲಿ ವೈದ್ಯರು ಬಾಗಿಲು ಹಾಕಿದ ಹೊತ್ತಿಗೆ 116117 ಎಂಬ ದೂರವಾಣಿ ಇದೆ. ಪ್ರಾಣಕ್ಕೆ ಕುತ್ತಿದ್ದರೆ 112, ಉಳಿದದ್ದಕ್ಕೆ ಇದು. ಅವರು ಹೇಳಿದ ಕಡೆ ಹೋದೆವು. ವೈದ್ಯೆ ದೀಪದ ಕೊಳವೆಯಲ್ಲಿ ಎರಡೂ ಕಿವಿ ನೋಡಿದರು. ಎಡಗಿವಿ ಚೆನ್ನಾಗಿತ್ತು. ಬಲಗಿವಿಯ ತಮಟೆ ಕೆಂಪಗೆ ಉಬ್ಬಿತ್ತು. ಜ್ವರ 38 ಡಿಗ್ರಿ. "ಇವತ್ತು ಆ್ಯಂಟಿಬಯಾಟಿಕ್ ಬೇಡ, ನೋವಿಗೆ ಔಷಧ ಕೊಡಿ, ಎರಡು ದಿನ ನೋಡೋಣ" ಅಂದರು. ಇನ್ನೊಂದು ಕಿವಿಗೂ ಬಂದರೆ, ಕೀವು ಸೋರಿದರೆ, ಜ್ವರ 39 ಮುಟ್ಟಿದರೆ ಕಾಯದೆ ಬರಬೇಕು ಎಂದೂ ಹೇಳಿದರು.

ನನಗೆ ಹೊಟ್ಟೆ ಉರಿಯಿತು. ನಮ್ಮೂರಲ್ಲಿ ಇಂಥ ಕಿವಿಗೆ ಕೈಯಲ್ಲಿ ಸಿರಪ್ ಇಲ್ಲದೆ ಯಾರೂ ಹೊರಗೆ ಬರುವುದಿಲ್ಲ. ಪರದೇಶದಲ್ಲಿ ನಮ್ಮ ಮಗುವನ್ನು ಹಗುರವಾಗಿ ಕಂಡರೇನೋ ಅನ್ನಿಸಿಬಿಟ್ಟಿತು. ಆ ಅನುಮಾನ ಸುಳ್ಳು. ಅಮೆರಿಕದ ಮಕ್ಕಳ ವೈದ್ಯರ ಸಂಘ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ಒಂದೇ ಕಿವಿಗೆ ಸೋಂಕಿದ್ದು, ನೋವು ಜ್ವರ ತೀವ್ರವಾಗಿಲ್ಲದಿದ್ದರೆ 48ರಿಂದ 72 ಗಂಟೆ ಕಣ್ಣಿಟ್ಟು ಕಾಯಬಹುದು. ಬಹಳಷ್ಟು ಕಿವಿಗಳು ತಾವಾಗಿಯೇ ವಾಸಿಯಾಗುತ್ತವೆ. ಎರಡೂ ಕಿವಿಗೆ ಬಂದ ಎಳೆಯ ಮಗುವಿಗೆ, ಕಿವಿ ಸೋರುವ ಮಗುವಿಗೆ ಮಾತ್ರ ಕಾಯುವ ಮಾತಿಲ್ಲ.

ಔಷಧ ಅಂಗಡಿ ಹುಡುಕಿದ್ದು ಇನ್ನೊಂದು ಪಾಠ. ಅಲ್ಲಿ ಭಾನುವಾರ ಔಷಧ ಅಂಗಡಿಗಳೂ ಮುಚ್ಚಿರುತ್ತವೆ, ಸರದಿಯ ಮೇಲೆ ಎಲ್ಲೋ ಒಂದು ತೆರೆದಿರುತ್ತದೆ. ಅದು ಯಾವುದೆಂದು ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಬರೆದಿರುತ್ತದೆ. ಚಳಿಯಲ್ಲಿ ಕೆಂಪು 'ಎ' ಅಕ್ಷರದ ಫಲಕ ಹುಡುಕುತ್ತ ಗಂಡ ಅಲೆದು ತಂದ ಪ್ಯಾರಾಸಿಟಮಾಲ್ ಸಿರಪ್ ಆಗಿರಲಿಲ್ಲ, ಮಲದ್ವಾರದಲ್ಲಿ ಇಡುವ ಮೇಣದ ಗುಳಿಗೆ. ಅಲ್ಲಿ ಎಳೆಯ ಮಕ್ಕಳಿಗೆ ಅದೇ ರೂಢಿ. ವಾಂತಿ ಮಾಡುವ ಮಗುವಿಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ಈಗ ನಾನೇ ಹೇಳುತ್ತೇನೆ. ಮೂರನೆಯ ದಿನ ಬೆಳಿಗ್ಗೆ ಮಗಳು ಕಿಟಕಿಯ ಮೇಲಿನ ಹಿಮ ತೋರಿಸಿ "ಅಲ್ಲಿ, ಅಲ್ಲಿ" ಅಂದಳು. ಆ್ಯಂಟಿಬಯಾಟಿಕ್ ಬೇಕಾಗಲಿಲ್ಲ. ವೈದ್ಯರ ಬಿಲ್ಲು ಮೊದಲು ನಾವೇ ಕಟ್ಟಿ, ಆಮೇಲೆ ವಿಮೆಯಿಂದ ಪಡೆದೆವು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಅದನ್ನು ವೀಸಾದ ಕಾಗದವೆಂದಷ್ಟೇ ನೋಡಿದ್ದ ನಾನು, ಮಗುವಿನ ಹಳೆಯ ಕಾಯಿಲೆಗೂ ಅದು ಅನ್ವಯಿಸುತ್ತದೆಯೇ ಎಂದು ಓದಿಯೇ ಇರಲಿಲ್ಲ. ಓದಬೇಕಿತ್ತು.

ಮೈಸೂರಿಗೆ ಮರಳಿದ ಮೇಲೆ ಕಿವಿ–ಮೂಗು–ಗಂಟಲಿನ ಡಾಕ್ಟರರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ ನನ್ನ ಊರು ಯಾವುದೆಂದು. ಮೂಡಿಗೆರೆ ಕಡೆ ಅಂದೆ. "ಹಾಗಾದರೆ ಚಾರ್ಮಾಡಿ ಇಳಿದಿದ್ದೀರಿ. ಕೊಟ್ಟಿಗೆಹಾರ ದಾಟಿ ತಿರುವು ಇಳಿಯುತ್ತ ಹೋದ ಹಾಗೆ ಕಿವಿ ಕಟ್ಟುತ್ತಲ್ಲ, ಉಗುಳು ನುಂಗಿದರೆ ಪಟ್ಟಂತ ಬಿಡುತ್ತಲ್ಲ?" ಹೌದು. ಧರ್ಮಸ್ಥಳಕ್ಕೆ ಹೋಗುವಾಗಲೆಲ್ಲ ಅಪ್ಪ ಬಸ್ಸಿನಲ್ಲಿ ನಮಗೆ ಕಿತ್ತಳೆ ತೊಳೆ ಕೊಡುತ್ತಿದ್ದರು. "ನಿಮ್ಮ ಮಗುವಿಗೆ ಆದದ್ದೂ ಅದೇ. ಆದರೆ ಅದಕ್ಕೆ ಉಗುಳು ನುಂಗಬೇಕೆಂದು ಗೊತ್ತಿಲ್ಲ, ನುಂಗಿದರೂ ಸುಲಭವಾಗಿ ಬಿಡುವಂಥ ಕಿವಿಯಲ್ಲ."

ಔಷಧ ಚೀಟಿಯ ಹಿಂಬದಿಯಲ್ಲಿ ಅವರು ಬರೆದ ಚಿತ್ರ ಇನ್ನೂ ನನ್ನ ಪರ್ಸಿನಲ್ಲಿದೆ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ, ಮಧ್ಯಕಿವಿ. ಅಲ್ಲಿಂದ ಮೂಗಿನ ಹಿಂಬದಿಗೆ ಇಳಿಯುವ ಒಂದು ನಾಳ. 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯುಸ್ಟಾಕಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಯುಸ್ಟೇಷಿಯನ್ ನಾಳ ಎಂದು ಹೆಸರು. ದೊಡ್ಡವರಲ್ಲಿ ಸುಮಾರು 36 ಮಿಲಿಮೀಟರ್ ಉದ್ದ, 45 ಡಿಗ್ರಿಯಷ್ಟು ಇಳಿಜಾರು. ಹಸುಗೂಸಿನಲ್ಲಿ ಉದ್ದ ಅದರ ಅರ್ಧ, ಇಳಿಜಾರು ಹತ್ತೇ ಡಿಗ್ರಿ, ಹೆಚ್ಚುಕಡಿಮೆ ಮಲಗಿದ ಹಾಗೆ. ಆರೇಳು ವರ್ಷಕ್ಕೆ ಅದು ದೊಡ್ಡವರ ನಾಳದ ರೂಪಕ್ಕೆ ಬರುತ್ತದೆ. ಅದಕ್ಕೇ ನೆಗಡಿಯ ಕ್ರಿಮಿ ಮೂಗಿನಿಂದ ಕಿವಿಗೆ ಹತ್ತುವುದು ಮಕ್ಕಳಲ್ಲಿ ಅಷ್ಟು ಸಲೀಸು.

ಈ ನಾಳ ಸದಾ ಮುಚ್ಚಿಕೊಂಡಿರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳದ ಒಂದು ಸ್ನಾಯು ಎಳೆದು ಕ್ಷಣಮಾತ್ರ ತೆರೆಯುತ್ತದೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ತಾನೇ ದಾರಿ ಮಾಡಿಕೊಂಡು ಹೊರಗೆ ಹೋಗುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ, ಗಾಳಿ ಒಳಗೆ ಬರಬೇಕು. ಅದು ಸುಲಭವಲ್ಲ. ಚಿಕ್ಕಂದಿನಲ್ಲಿ ಪಪ್ಪಾಯಿ ಎಲೆಯ ದಂಟಿನಿಂದ ನೀರು ಹೀರುತ್ತಿದ್ದೆವು. ದಂಟು ಬಾಡಿದ್ದರೆ ಊದಲು ಬರುತ್ತಿತ್ತು, ಹೀರಿದರೆ ಎರಡು ಬದಿಯೂ ಅಂಟಿಕೊಂಡುಬಿಡುತ್ತಿತ್ತು. ಹಾಗೆಯೇ ಇದು. ಒಳಹೊರಗಿನ ಒತ್ತಡದ ಅಂತರ 90 ಮಿಲಿಮೀಟರ್ ಪಾದರಸದಷ್ಟಾದರೆ ನಾಳ ಪೂರ್ತಿ ಅಂಟಿಕೊಳ್ಳುತ್ತದೆ, ಆಮೇಲೆ ನುಂಗಿದರೂ ತೆರೆಯುವುದಿಲ್ಲ. ನನ್ನ ಮಗಳು ಎದ್ದದ್ದು ಆ ಹೊತ್ತಿಗೆ. ಮೊದಲಿನ ಇಪ್ಪತ್ತು ನಿಮಿಷ ಅವಳು ಮಲಗಿದ್ದಳು, ನಿದ್ದೆಯಲ್ಲಿ ನುಂಗುವುದು ಅಪರೂಪ. ನಾನು ವರವೆಂದುಕೊಂಡ ಆ ನಿದ್ದೆಯಲ್ಲೇ ಬಾಗಿಲು ಮುಚ್ಚಿಹೋಗಿತ್ತು.

ನಾಲ್ಕು ಸಲ ಕಿವಿ ನೋವು ಬಂದದ್ದೇಕೆ ಎಂದು ಕೇಳುತ್ತ ಅವರು ನಮ್ಮ ಮನೆಯೊಳಗೇ ಬಂದರು. ಬಾಟಲಿ ಹೇಗೆ ಕೊಡುತ್ತೀರಿ? ರಾತ್ರಿ ಕೆಲಸದ ಸುಸ್ತಿನಲ್ಲಿ ಪಕ್ಕದಲ್ಲಿ ಮಲಗಿಸಿಕೊಂಡೇ ಬಾಯಿಗಿಡುತ್ತಿದ್ದೆ. ಮಲಗಿ ಕುಡಿಯುವ ಮಗುವಿನ ಆ ಚಪ್ಪಟೆ ನಾಳಕ್ಕೆ ಹಾಲು ನುಗ್ಗುತ್ತದಂತೆ. ಮನೆಯಲ್ಲಿ ಹೊಗೆ? ಬೀಡಿ ಸಿಗರೇಟು ಇಲ್ಲ ಅಂದೆ. ಜೊತೆಗೆ ಬಂದಿದ್ದ ಅಮ್ಮ ಮೆಲ್ಲಗೆ, "ಎರೆದ ಮೇಲೆ ಸಾಂಬ್ರಾಣಿ ಹಾಕ್ತೀನಿ, ಶೀತ ಆಗಬಾರದು ಅಂತ" ಅಂದರು. ಯಾವ ಹೊಗೆಯೂ ಬೇಡ ಎಂದರು ಡಾಕ್ಟರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದೂ ಬೇಡ, ತಮಟೆಯಲ್ಲಿ ತೂತಿದ್ದರೆ ಅದು ಒಳಗೇ ಹೋಗುತ್ತದೆ. ಅಮ್ಮನ ಮುಖ ಬಾಡಿತು. ನಮ್ಮನ್ನೆಲ್ಲ ಹಾಗೇ ಸಾಕಿದ ಕೈ ಅದು, ನನಗೂ ಸಂಕಟವಾಯಿತು. ಕುಲಾವಿ ಕಟ್ಟುವುದರಿಂದ ಮಗು ಬೆಚ್ಚಗಿರುತ್ತದೆ, ಕಟ್ಟಿ. ಆದರೆ ಈ ಕಾಯಿಲೆ ಹೊರಗಿನ ಗಾಳಿಯಿಂದ ಕಿವಿಗೆ ಬರುವುದಲ್ಲ, ಮೂಗಿನ ಕಡೆಯಿಂದ ಬರುವುದು ಎಂದು ಅವರು ಅಮ್ಮನಿಗೇ ಚಿತ್ರ ತೋರಿಸಿ ಹೇಳಿದರು. ಅಮ್ಮ ಅಂದಿನಿಂದ ಮೂಗಿಗೆ ಉಪ್ಪುನೀರಿನ ಹನಿ ಹಾಕುವ ಕೆಲಸ ತಾವೇ ವಹಿಸಿಕೊಂಡರು. ನ್ಯುಮೊಕಾಕಲ್ ಲಸಿಕೆಯ ಚೀಟಿಯನ್ನೂ ಡಾಕ್ಟರು ನೋಡಿದರು. ಕಿವಿಯ ಸೋಂಕಿಗೆ ಕಾರಣವಾಗುವ ಒಂದು ಮುಖ್ಯ ಬ್ಯಾಕ್ಟೀರಿಯಾದ ವಿರುದ್ಧದ ಈ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಕಾರ್ಯಕ್ರಮದಲ್ಲೇ ಉಚಿತವಾಗಿ ಸಿಗುತ್ತದೆ.

ಆರು ತಿಂಗಳಲ್ಲಿ ಮೂರು ಸಲ, ಇಲ್ಲವೇ ವರ್ಷದಲ್ಲಿ ನಾಲ್ಕು ಸಲ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎಂದು ಕರೆಯುತ್ತಾರೆ, ಗ್ರಾಮೆಟ್ ಮಾತು ಬರುವುದು ಆಗಲೇ. ತಮಟೆಯಲ್ಲಿ ಕೂರಿಸುವ ಎಳ್ಳುಕಾಳಿನಷ್ಟು ಸಣ್ಣ ಕೊಳವೆ ಅದು. ಹೆಸರು ಕೇಳಿಯೇ ನನಗೆ ಕೈಕಾಲು ತಣ್ಣಗಾಯಿತು. ಗ್ರಾಮೆಟ್ ಇರುವ ಮಗುವನ್ನು ವಿಮಾನ ಹತ್ತಿಸಬಹುದೇ ಎಂದು ಕೇಳಿದೆ. ಅಂಥ ಮಗುವಿಗೇ ಎಲ್ಲರಿಗಿಂತ ನೆಮ್ಮದಿ ಅಂದರು. ತಮಟೆಯಲ್ಲೇ ದಾರಿ ಇರುವಾಗ ಒತ್ತಡ ನಿಲ್ಲುವುದೆಲ್ಲಿ? ಸೋಂಕು ಹೋದ ಮೇಲೂ ಮಧ್ಯಕಿವಿಯಲ್ಲಿ ನೀರು ತುಂಬಿಯೇ ಉಳಿದ ಮಗುವಿಗೂ ಇಳಿಯುವಾಗ ನೋವು ಕಡಿಮೆ, ಹಿಗ್ಗಿ ಕುಗ್ಗಲು ಅಲ್ಲಿ ಗಾಳಿಯೇ ಇರುವುದಿಲ್ಲ. ಹೆಚ್ಚು ನೋಯುವುದು ನೆಗಡಿಯಿಂದ ನಾಳ ಊದಿ, ಒಳಗೆ ಗಾಳಿ ಸಿಕ್ಕಿಕೊಂಡ ಕಿವಿಗೆ. ಒಳಗಿರುವುದು ಗಾಳಿಯೋ ನೀರೋ ಎಂದು ಟಿಂಪನೊಮೆಟ್ರಿ ಪರೀಕ್ಷೆಯಲ್ಲಿ ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗಾಳಿಯಿದ್ದರೆ ಯಂತ್ರ ಗೋಪುರದಂಥ ಗೆರೆ ಬರೆಯುತ್ತದೆ, ನೀರಿದ್ದರೆ ಚಪ್ಪಟೆ. ಆ ನೀರು ತಿಂಗಳುಗಟ್ಟಲೆ ನಿಂತರೆ ಮಗು ಕರೆದರೆ ತಿರುಗುವುದಿಲ್ಲ, ಮಾತು ಕಲಿಯುವುದು ತಡವಾಗಬಹುದು. ಪ್ರಯಾಣಕ್ಕಿಂತ ಅದೇ ದೊಡ್ಡ ವಿಷಯ ಎಂದು ಅವರು ಒತ್ತಿ ಹೇಳಿದರು. ನಮ್ಮವಳದು ಗೋಪುರವೇ ಬಂತು. ಗ್ರಾಮೆಟ್ ಸದ್ಯಕ್ಕೆ ಬೇಡ ಎಂದಾಯಿತು.

ಜೂನ್‌ನ ಪ್ರಯಾಣಕ್ಕೆ ಟಿಕೆಟ್ ನೋಡುವಾಗ ನಾನು ಗಂಟೆ ಎಣಿಸಲಿಲ್ಲ, ಎಷ್ಟು ಸಲ ಇಳಿಯಬೇಕು ಎಂದು ಎಣಿಸಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವೆಂದರೆ ಒಂದೇ ಇಳಿತ. ವಿಮಾನ 35,000 ಅಡಿಯ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ಒತ್ತಡದಲ್ಲಿ ಇಟ್ಟಿರುತ್ತಾರೆ. 8,000ದ ಮೇಲೆ ಬಿಡುವಂತಿಲ್ಲ, 787 ಮತ್ತು ಎ350ಯಂಥ ಹೊಸ ವಿಮಾನಗಳಲ್ಲಿ 6,000ದ ಸುತ್ತ. ನಮ್ಮ ಬೆಂಗಳೂರಿನ ನಿಲ್ದಾಣವೇ ಸಮುದ್ರಮಟ್ಟದಿಂದ 3,000 ಅಡಿ ಮೇಲಿದೆ. ಫ್ರಾಂಕ್‌ಫರ್ಟ್ 400 ಅಡಿಗಿಂತ ಕೆಳಗೆ, ಲಂಡನ್ ದುಬೈಗಳು ನೂರು ಅಡಿಯೊಳಗೆ. ಹಾಗಾಗಿ ಬೆಂಗಳೂರಿನ ಮಗುವಿಗೆ ಹೋಗುವಾಗಿನ ಇಳಿತವೇ ಉದ್ದ, ಮನೆಗೆ ಮರಳುವಾಗಿನದು ಗಿಡ್ಡ. ಈ ಲೆಕ್ಕ ಹೊಳೆದ ರಾತ್ರಿ ನನಗೆ ನಿಜಕ್ಕೂ ಅರ್ಧ ಭಾರ ಇಳಿಯಿತು. ಮಂಗಳೂರಿನವರಿಗೆ ಈ ರಿಯಾಯಿತಿ ಇಲ್ಲ, ಅಲ್ಲಿನ ನಿಲ್ದಾಣ ಗುಡ್ಡದ ನೆತ್ತಿಯಲ್ಲಿದ್ದರೂ ಎತ್ತರ ಕೆಲವು ನೂರು ಅಡಿ ಮಾತ್ರ.

ದಿನಾಂಕ ಬದಲಿಸಬಹುದಾದ ಟಿಕೆಟ್‌ಗೆ ಹೆಚ್ಚು ದುಡ್ಡು ಕೊಟ್ಟೆ. ಕೊಟ್ಟದ್ದು ಸಾರ್ಥಕವಾಯಿತು. ಹೊರಡುವ ಎರಡು ದಿನ ಮೊದಲು ಕಿವಿ ತೋರಿಸಿದಾಗ ಬಲಗಿವಿ ಮತ್ತೆ ಕೆಂಪಾಗಿತ್ತು. "ಈಗ ಬೇಡ" ಅಂದರು. ಅಪ್ಪನನ್ನು ನೋಡುತ್ತೇವೆಂದು ಮಗುವಿಗೆ ಹೇಳಿ ಹೇಳಿ ಕುಣಿಸಿದ್ದೆ. ಒಂಬತ್ತು ದಿನ ಮುಂದಕ್ಕೆ ಹಾಕಿ, ಔಷಧ ಮುಗಿಸಿ, ಮತ್ತೆ ತೋರಿಸಿ ಹೊರಟೆವು.

ಪರಿಚಯದವರೊಬ್ಬರು ಪ್ರೀತಿಯಿಂದಲೇ, ನೆಗಡಿ ಸಿರಪ್ ಒಂದು ಚಮಚ ಹಾಕಿಬಿಡಿ, ಹತ್ತು ಗಂಟೆ ಮಲಗುತ್ತಾಳೆ ಅಂದಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್‌ನಲ್ಲೇ ಮುದ್ರಿಸಬೇಕು ಎಂದು ನಮ್ಮ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದಾರೆ. ಮಂಪರು ಹತ್ತಿದ ಮಗು ನುಂಗುವುದೂ ಇಲ್ಲ. ನಾನು ಒಯ್ದದ್ದು ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿನ ತೂಕ ನೋಡಿ ಡಾಕ್ಟರು ಬರೆದುಕೊಟ್ಟ ಅಳತೆಯ ಪ್ರಕಾರ. ಈ ಒಂದು ಔಷಧದಲ್ಲಿ ತಾಯಂದಿರು ಎಚ್ಚರವಾಗಿರಬೇಕು. ಹನಿ ಔಷಧದ 1 ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನ 5 ಮಿ.ಲೀ.ನಲ್ಲಿ 120ರಿಂದ 250. ಒಂದೇ ಹೆಸರಿನ ಎರಡು ಬಾಟಲಿ ಅದಲುಬದಲಾದರೆ ಅಳತೆ ಎರಡರಿಂದ ನಾಲ್ಕು ಪಟ್ಟು ತಪ್ಪುತ್ತದೆ. ತುರ್ತಿಗೆಂದು ಬರೆದುಕೊಟ್ಟ ಆ್ಯಂಟಿಬಯಾಟಿಕ್ ಅನ್ನು ಪುಡಿಯ ರೂಪದಲ್ಲೇ, ನೀರು ಬೆರೆಸದೆ ಒಯ್ದೆ. ಬೆರೆಸಿದರೆ ವಾರದೊಳಗೆ ಮುಗಿಸಬೇಕು. ಔಷಧದ ಮೂಲ ಹೆಸರಿರುವ ಚೀಟಿ ಜೊತೆಗಿತ್ತು. ಮಗುವಿನ ಹಾಲು, ಔಷಧಗಳಿಗೆ ಭದ್ರತಾ ತಪಾಸಣೆಯಲ್ಲಿ 100 ಮಿ.ಲೀ. ಮಿತಿ ಅಡ್ಡ ಬರಲಿಲ್ಲ. ಪ್ರತ್ಯೇಕವಾಗಿ ತೆಗೆದು ತೋರಿಸಿದರೆ ಸಾಕಾಯಿತು.

ಪರದೆಯಲ್ಲಿ 45 ನಿಮಿಷ ಕಂಡಾಗಲೇ ಎಬ್ಬಿಸಿದ್ದೇಕೆಂದರೆ, ಸೀಟು ನೆಟ್ಟಗೆ ಮಾಡಿ ಎಂದು ಹೇಳುವ ಹೊತ್ತಿಗೆ ಇಳಿತ ಶುರುವಾಗಿ ಬಹಳ ಸಮಯವಾಗಿರುತ್ತದೆ. ಅವಳು ಅತ್ತಳು. ಅಳಲಿ ಅಂದುಕೊಂಡೆ, ಬಿಕ್ಕುವ ಮಧ್ಯೆಯೂ ಮಗು ನುಂಗುತ್ತದೆ. ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ನನ್ನ ಬೆಲ್ಟಿಗೆ ಸೇರಿಸುವ ಮಗುವಿನ ಬೆಲ್ಟ್ ಹಾಕಿದೆ. ನೀರಿನ ಸಿಪ್ಪರ್ ಕೊಟ್ಟೆ. ಪೂರ್ತಿ ಒಮ್ಮೆಗೇ ಕುಡಿದರೆ ಆಮೇಲೆ ಕುಡಿಯುವುದಿಲ್ಲ ಎಂದು ಒಂದು ಗುಟುಕು ಆದ ಕೂಡಲೇ ತೆಗೆದು ಗೊಂಬೆಗೆ ಕುಡಿಸಿ, ಮತ್ತೆ ಅವಳಿಗೆ, ಮತ್ತೆ ಗೊಂಬೆಗೆ. ನೀರು ಸಾಕಾದಾಗ ಮೆತ್ತಗಿನ ಚಪಾತಿ ಚೂರು, ಬಾಳೆಹಣ್ಣು. ಹಿಂದೆ ನಮ್ಮ ವಿಮಾನಗಳಲ್ಲಿ ಹೊರಡುವ ಮೊದಲು ತಟ್ಟೆಯಲ್ಲಿ ಪೆಪ್ಪರ್‌ಮಿಂಟ್ ಹಿಡಿದು ಬರುತ್ತಿದ್ದರು, ಚೀಪುತ್ತ ಉಗುಳು ನುಂಗಲಿ ಎಂದು. ದೊಡ್ಡವರಿಗೆ ಅದು ಸರಿ. ಎರಡು ವರ್ಷ ತುಂಬದ ಮಗುವಿನ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ.

ಒಮ್ಮೆ ಮಾತ್ರ ಅವಳು ಕೈಯನ್ನು ಬಲಗಿವಿಗೆ ಒಯ್ದಳು. ನನ್ನ ಉಸಿರು ನಿಂತಿತು. ನಾನು ದೊಡ್ಡದಾಗಿ ಬಾಯಿ ತೆರೆದು ಆಕಳಿಸಿದೆ. ಪಕ್ಕದ ಹಿರಿಯರಿಗೂ ಅಷ್ಟರಲ್ಲಿ ವಿಷಯ ತಿಳಿದಿತ್ತು, ಅವರೂ ಆಕಳಿಸಿದರು. ಮಗಳು ನಮ್ಮಿಬ್ಬರ ಮುಖ ನೋಡಿ ನಕ್ಕು, ತಾನೂ ಬಾಯಿ ತೆರೆದಳು. ಕೈ ಕಿವಿಯಿಂದ ಗೊಂಬೆಗೆ ಹೋಯಿತು. ಗಾಲಿ ನೆಲ ಮುಟ್ಟಿದಾಗ ಅವಳ ಬಾಯಲ್ಲಿ ಬಾಳೆಹಣ್ಣಿತ್ತು.

ಹಿಂದಿರುಗುವಾಗ ಬೆಂಗಳೂರಿನ ಇಳಿತ ನಾನು ಲೆಕ್ಕ ಹಾಕಿದ್ದಕ್ಕಿಂತಲೂ ಹಗುರವಾಗಿ ಆಯಿತು. ಆ ಚಳಿಗಾಲದಲ್ಲಿ ಇನ್ನೊಮ್ಮೆ ಕಿವಿ ನೋವು ಬಂತು, ಹೋಯಿತು. ನಾಳ ಬೆಳೆಯುವ ತನಕ ಇದು ಇದ್ದದ್ದೇ ಎಂದು ಡಾಕ್ಟರು ಹೇಳಿದ್ದಾರೆ.

ಕಳೆದ ತಿಂಗಳು ಅಮ್ಮನ ಹರಕೆ ತೀರಿಸಲು ಎಲ್ಲರೂ ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜಿನೊಳಗೆ ಕಾರು ಚಾರ್ಮಾಡಿಯ ತಿರುವು ಇಳಿಯತೊಡಗಿತು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ನನ್ನ ಕಿವಿ ಕಟ್ಟಿತು. ಹಿಂದಿನ ಸೀಟಿನಿಂದ ಮಗಳ ಸ್ವರ ದೂರದಿಂದ ಬಂದ ಹಾಗೆ ಕೇಳಿಸಿತು. "ಅಜ್ಜಿ, ಕಿವಿ. ನೀರು ಕೊಡು." ಅಮ್ಮ ಬಾಟಲಿ ತೆಗೆದು ಕೊಟ್ಟರು. ಅವಳು ಒಂದು ಗುಟುಕು ಕುಡಿದು, ಬಾಟಲಿಯನ್ನು ಅಜ್ಜಿಯ ಬಾಯಿಗೆ ಹಿಡಿದಳು.